ಉರುಳದ ಪಿಕ್ನಿಕ್ ಟೇಬಲ್, ಮಕ್ಕಳ ಅಳತೆಗೆ

ಮಕ್ಕಳ ಪಿಕ್ನಿಕ್ ಟೇಬಲ್ ಅಂದರೆ ಮೇಜು, ಎರಡು ಕಡೆಯ ಬೆಂಚು ಎಲ್ಲಾ ಒಂದೇ ಚೌಕಟ್ಟಿಗೆ ಸೇರಿದ್ದು. ಮಾಡೋದು ಕಷ್ಟವಿಲ್ಲ. ಆದರೆ ಇಬ್ಬರು ಮಕ್ಕಳು ಒಂದೇ ಕಡೆ ಹತ್ತಿ ಕೂತರೆ ಇಡೀ ಟೇಬಲ್ ಅವರ ಮೇಲೇ ಮಗುಚಬಾರದು, ಅಲ್ವಾ? ಅದಕ್ಕೆ ಇರುವುದು ಒಂದೇ ಉಪಾಯ: ಕಾಲಿನ ತುದಿ ಸೀಟಿನ ಹೊರ ಅಂಚಿಗಿಂತ ಆಚೆ ಹೋಗಿರಬೇಕು. ಕೆಳಗಿನ ಅಳತೆಗಳೆಲ್ಲ ಅದನ್ನು ನೋಡಿಕೊಂಡೇ ಹಾಕಿದ್ದು.

ಇದು 3ರಿಂದ 6 ವರ್ಷದವರಿಗೆ. "ಬೆಳೆಯೋ ಮಕ್ಕಳು, ಸ್ವಲ್ಪ ದೊಡ್ಡದಾಗೇ ಮಾಡು" ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಕೇಳಬೇಡಿ. ಕಾಲು ನೆಲಕ್ಕೆ ತಾಗದಿದ್ದರೆ ಮಗು ಅಲ್ಲಿ ಕೂರುವುದೇ ಇಲ್ಲ.

ಮರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಲದ ಬದುಗಳಲ್ಲಿ ಬೆಳೆಸುವ ಸಿಲ್ವರ್ ಓಕ್ ಸಾಕು, ಹಗುರ, ಕೊಯ್ಯೋದೂ ಸುಲಭ. ನೀಲಗಿರಿ ನಮ್ಮಲ್ಲಿ ಎಲ್ಲಿ ನೋಡಿದರೂ ಇದೆ, ಆದರೆ ಒಣಗುವಾಗ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ತೇಗ ಹಾಕಿದರೆ ಸುಮ್ನೆ ದುಡ್ಡು ದಂಡ. ಮಾಲೂರು, ನರಸಾಪುರದ ಕಾರ್ಖಾನೆಗಳ ಕಡೆಯಿಂದ ಹಳೆ ಪ್ಯಾಲೆಟ್ (ಸರಕು ಪೇರಿಸಿಡುವ ಮರದ ಹಲಗೆ ಚೌಕಟ್ಟು) ಸಿಕ್ಕರೆ ಮೇಲಿನ ಹಲಗೆಗೆ ಆಗುತ್ತದೆ, ಆದರೆ ಅದರ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದಿದ್ದು, ತೊಂದರೆಯಿಲ್ಲ. 'ಎಂಬಿ' ಅಂತಿದ್ದರೆ ಮಿಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹಾಯಿಸಿದ್ದು, ಮುಟ್ಟಬೇಡಿ. ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆ ಇದ್ದರೂ ಬೇಡ.

ಸಾಮಿಲ್‌ನಲ್ಲಿ ಹೊಸ ಮರ ತಗೊಂಡರೆ ಎರಡೂಕಾಲು ಸಿಎಫ್‌ಟಿ (ಘನ ಅಡಿ) ಸಾಕಾಗುತ್ತದೆ. ಒಣಗಿದ ಮರವನ್ನೇ ಕೇಳಿ, ಅಲ್ಲೇ ಪ್ಲೇನಿಂಗ್ (ಮೇಲ್ಮೈ ಹೆರೆದು ನಯ ಮಾಡೋದು) ಮಾಡಿಸಿಬಿಡಿ. ಪ್ಲೇನಿಂಗ್ ಆದ ಮೇಲೆ ನಿಮಗೆ ಬೇಕಾದ ಅಳತೆ: ಚೌಕಟ್ಟಿಗೆ ಮೂರೂವರೆ ಇಂಚು ಅಗಲ, ಒಂದೂವರೆ ಇಂಚು ದಪ್ಪದ್ದು ಒಟ್ಟು 22 ಅಡಿ. ಮೇಜಿನ ಮೇಲಕ್ಕೆ ಮೂರೂವರೆ ಇಂಚು ಅಗಲ, ಒಂದು ಇಂಚು ದಪ್ಪದ 3 ಅಡಿಯ ಹಲಗೆ ಐದು. ಸೀಟಿಗೆ 7 ಇಂಚು ಅಗಲ, ಒಂದೂವರೆ ಇಂಚು ದಪ್ಪದ 3 ಅಡಿಯವು ಎರಡು. ಸೀಟು ಇಷ್ಟು ದಪ್ಪ ಯಾಕೆ ಅಂದರೆ, ಮಕ್ಕಳ ಟೇಬಲ್ ಅಂತ ಎಷ್ಟು ಹೇಳಿದರೂ ತಾತ ಒಂದು ದಿನ ಕೂತೇ ಕೂರುತ್ತಾರೆ.

ಎಲ್ಲರೂ ಹೆದರೋದು ಕಾಲಿನ ಓರೆ ಕೊಯ್ತಕ್ಕೆ. ಕೋನಮಾಪಕವೇ ಬೇಡ. ಮೂರೂವರೆ ಇಂಚಿನ ಪಟ್ಟಿಯ ಒಂದು ಅಂಚಿನಲ್ಲಿ ಗುರುತು ಹಾಕಿ, ಅದರ ಎದುರು ಅಂಚಿನಲ್ಲಿ 2 ಇಂಚು ಮುಂದಕ್ಕೆ ಇನ್ನೊಂದು ಗುರುತು ಹಾಕಿ, ಎರಡನ್ನೂ ಗೆರೆ ಎಳೆದು ಸೇರಿಸಿ. ಇಷ್ಟೇ, ಕಾಲು ನೆಲಕ್ಕೆ 60 ಡಿಗ್ರಿಯಲ್ಲಿ ನಿಲ್ಲುತ್ತದೆ. ಆ ಗೆರೆಯಿಂದ ಅಂಚಿನ ಉದ್ದಕ್ಕೂ 22 ಇಂಚು ಅಳೆದು ಅದೇ ಓರೆಯಲ್ಲಿ, ಮೊದಲನೆಯದಕ್ಕೆ ಸಮಾನಾಂತರವಾಗಿ, ಇನ್ನೊಂದು ಗೆರೆ. ಮೊದಲ ಕಾಲನ್ನು ಜಾಗ್ರತೆಯಾಗಿ ಕೊಯ್ದು, ಉಳಿದ ಮೂರಕ್ಕೂ ಅದನ್ನೇ ಇಟ್ಟು ಗುರುತು ಹಾಕಿ.

ಮಿಕ್ಕ ಪಟ್ಟಿಯಲ್ಲಿ 16 ಇಂಚಿನವು ಮೂರು, 36 ಇಂಚಿನವು ಎರಡು ಕೊಯ್ದಿಡಿ. ಈಗ ಟೆರೇಸಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ, ಅದೇ ನೆಲ ಅಂದುಕೊಳ್ಳಿ. ಅದರಿಂದ 10 ಇಂಚಿಗೆ ಒಂದು, 19 ಇಂಚಿಗೆ ಒಂದು ಗೆರೆ ಎಳೆಯಿರಿ. ಇವಕ್ಕೆ ಅಡ್ಡವಾಗಿ ನಡುಮಧ್ಯಕ್ಕೆ ಉದ್ದನೆಯ ಗೆರೆ. ಎರಡು ಕಾಲನ್ನು ಮಲಗಿಸಿ: ಮೇಲ್ತುದಿಗಳ ಹೊರ ಅಂಚಿನ ನಡುವೆ 16 ಇಂಚು, ಕೆಳಗೆ ಹೊರ ಅಂಚಿನ ನಡುವೆ 38 ಇಂಚು ಬರಬೇಕು. 16 ಇಂಚಿನ ಪಟ್ಟಿಯ ಮೇಲಂಚು 19ರ ಗೆರೆಗೆ, 36 ಇಂಚಿನದರ ಮೇಲಂಚು 10ರ ಗೆರೆಗೆ. ಕೂಡುವ ಪ್ರತಿ ಜಾಗಕ್ಕೂ 8 ಎಂಎಂ ದಪ್ಪ, 90 ಎಂಎಂ ಉದ್ದದ ಬೋಲ್ಟ್ ಎರಡೆರಡು, ವಾಷರ್ ಹಾಕಿ. ಒಂದೊಂದೇ ಹಾಕಿದರೆ ಕೀಲಿನ ಹಾಗೆ ತಿರುಗುತ್ತದೆ. ಇದೇ ಥರ ಇನ್ನೊಂದು ಚೌಕಟ್ಟು ಮಾಡಿ; ಎರಡಕ್ಕೂ ಸೇರಿ 16 ಬೋಲ್ಟ್. ಇಲ್ಲಿ ಮೊಳೆ ನಂಬಬೇಡಿ.

ಚೌಕಟ್ಟುಗಳನ್ನು ನಿಲ್ಲಿಸಿ, ಹಲಗೆಯ ತುದಿಯಿಂದ 5 ಇಂಚು ಒಳಗೆ ಬರುವಂತೆ ಮೇಲಿನ ಐದು ಹಲಗೆ ಸ್ಕ್ರೂ ಮಾಡಿ. ಮಧ್ಯೆ 3 ಎಂಎಂ ಸಂದು ಬಿಟ್ಟರೆ ಮಳೆ ನೀರು ಇಳಿದುಹೋಗುತ್ತದೆ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಹಲಗೆಯ ತುದಿ ಸೀಳುತ್ತದೆ. ಸೀಟಿನ ಹಲಗೆ, 36 ಇಂಚಿನ ಪಟ್ಟಿಯ ತುದಿಗೆ ಸಮವಾಗಿ. ಉಳಿದ 16 ಇಂಚಿನ ಪಟ್ಟಿಯನ್ನು ಮೇಜಿನ ಅಡಿಯಲ್ಲಿ ನಡುಮಧ್ಯಕ್ಕೆ ಅಡ್ಡವಾಗಿ ಹೊಡೆದು, ಅಲ್ಲಿಂದ ಎರಡೂ ಚೌಕಟ್ಟಿನ 36 ಇಂಚಿನ ಪಟ್ಟಿಯ ಮಧ್ಯಕ್ಕೆ ಓರೆಯಾಗಿ, ಮಿಕ್ಕ ಪಟ್ಟಿಯಲ್ಲಿ ಕೊಯ್ದ ಒಂದೊಂದು ಆಸರೆ ಕೊಡಿ. ಇದನ್ನು ಬಿಟ್ಟರೆ ಟೇಬಲ್ ಉದ್ದಕ್ಕೆ ತೊನೆದಾಡುತ್ತದೆ.

ಮೂಲೆಗಳನ್ನು ಗುಂಡಗೆ ಮಾಡಿ. ಉಪ್ಪು ಕಾಗದ 80 ನಂಬರಿನದು, ಆಮೇಲೆ 120, ಕೊನೆಗೆ 180. ಸೀಟಿನ ಅಡಿಯನ್ನೂ ಉಜ್ಜಿ, ಮಕ್ಕಳ ಕೈ ಹೋಗೋದೇ ಅಲ್ಲಿಗೆ. ಪೇಂಟ್ ಬೇಕಿದ್ದರೆ ಹೊಸದೇ ತನ್ನಿ: ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ, ಅಟ್ಟದ ಮೇಲಿರುವ ಹಳೆ ಡಬ್ಬಿಯಲ್ಲಿ ಏನಿದೆಯೋ ಹೇಳೋಕಾಗದು.

ಮಣ್ಣಿನ ಮೇಲೆ ನೇರವಾಗಿ ಇಡಬೇಡಿ, ಗೆದ್ದಲು ಬಿಡುವುದಿಲ್ಲ. ನಾಲ್ಕೂ ಕಾಲಿನ ತಳಕ್ಕೆ ಎರಡು ಮೂರು ಸಲ ವಾರ್ನಿಷ್ ಕುಡಿಸಿ, ಚಪ್ಪಡಿ ಕಲ್ಲಿನ ತುಂಡುಗಳ ಮೇಲೆ ನಿಲ್ಲಿಸಿ. ಒಂದು ಬೇಸಿಗೆ ಕಳೆದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಅಷ್ಟರಲ್ಲಿ ಮರ ಒಣಗಿ ಸಡಿಲವಾಗಿರುತ್ತದೆ.