ವಿಜಯಪುರದ ಹಳೇ ವಾಡೆಯೊಳಗೆ ಬಾರ್: ಗೋಡೆಗೆ ಭಾರ ಹಾಕದೆ ಕೂಡಿಸುವ ಬಗೆ

ಟೇಪು ಹಿಡಿದು ಮೊದಲು ಹೊರಗೆ ಅಳೆಯಿರಿ, ಒಳಗೆ ಆಮೇಲೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಗುಡಿ, ಮಸೀದಿ, ಶಾಲೆ, ಆಸ್ಪತ್ರೆಗಳಿಂದ ಅಬಕಾರಿ ನಿಯಮ ಕೇಳುವ 100 ಮೀಟರ್ ಅಂತರ ಬೇರೆ. ಇವೆರಡೂ ಬಗೆಹರಿಯುವ ತನಕ ಡಿಸೈನರ್‌ಗೆ ಮುಂಗಡ ಕೊಡಬೇಡಿ.

ಇನ್ನು ಒಳಗೆ. ಹಳೇ ವಾಡೆಯಲ್ಲಿ ಬಾರ್ ಅಂದರೆ ದೊಡ್ಡ ಕಪಾಟಿನ ಹಾಗೆ: ನೆಲದ ಮೇಲೆ ತಾನೇ ನಿಲ್ಲಬೇಕು, ಬೇಕೆಂದಾಗ ಎತ್ತಿ ಒಯ್ಯುವಂತಿರಬೇಕು. ತುಂಬಿದ 750 ಎಂಎಲ್ ಬಾಟಲಿ ಸುಮಾರು ಒಂದೂಕಾಲು ಕಿಲೋ ತೂಗುತ್ತದೆ. 150 ಬಾಟಲಿ ಇಟ್ಟರೆ 190 ಕಿಲೋದ ಹತ್ತಿರ. ಗಚ್ಚಿನ ಗೋಡೆಗೆ ಆ್ಯಂಕರ್ ಬೋಲ್ಟ್ ಹೊಡೆದು ಇಷ್ಟು ಭಾರ ತೂಗುಹಾಕಿದರೆ ಬೋಲ್ಟು ಸುಣ್ಣದ ಪುಡಿಯೊಂದಿಗೇ ಕಿತ್ತು ಬರುತ್ತದೆ. ಕಬ್ಬಿಣದ ಚೌಕಟ್ಟನ್ನು ಗೋಡೆಯಿಂದ 50 ಮಿ.ಮೀ. ಬಿಟ್ಟು ನಿಲ್ಲಿಸಿ.

ಎಲ್ಲರೂ ಎಡವುವುದು ನೀರಿನಲ್ಲಿ. ಸಿಂಕಿನ ಪೈಪಿಗಾಗಿ ನೆಲಕ್ಕೆ ಹಾಸಿದ ಹಳೇ ಪರಸಿ ಒಡೆದರೆ ಅಂಥದ್ದೇ ಕಲ್ಲು ಮತ್ತೆ ಸಿಗುವುದಿಲ್ಲ, ಸಂದಿಯಲ್ಲಿ ಇಳಿದ ನೀರು ಗೋಡೆಯ ಬುಡ ಹಿಡಿಯುತ್ತದೆ. ಕೌಂಟರ್ ಹಿಂದೆ 150 ಮಿ.ಮೀ. ಎತ್ತರದ ಕಟ್ಟಿಗೆಯ ವೇದಿಕೆ ಹಾಕಿ, 50 ಮಿ.ಮೀ. ಪೈಪನ್ನು ಅದರಡಿ ಹಾಯಿಸಿ. 40ಕ್ಕೆ 1ರ ಇಳಿಜಾರಿನಲ್ಲಿ ಮೂರು ಮೀಟರ್ ಓಟಕ್ಕೆ 75 ಮಿ.ಮೀ. ಇಳಿತ ಸಾಕು. ಇದರಲ್ಲಿ ಇನ್ನೊಂದು ಲಾಭವಿದೆ: ಗಿರಾಕಿಯ ಕಡೆ 1100 ಮಿ.ಮೀ. ಇರುವ ಕೌಂಟರ್ ಒಳಗೆ ನಿಂತವನಿಗೆ 950 ಆಗುತ್ತದೆ, ಕೆಲಸಕ್ಕೆ ಅದೇ ಹದ. ಕೌಂಟರ್ ಹಿಂದಿನ ಓಡಾಟಕ್ಕೆ 900 ಮಿ.ಮೀ., ಸ್ಟೂಲಿನ ಎತ್ತರ 750, ಕೂರುವ ಒಬ್ಬರಿಗೆ 600 ಜಾಗ. ವೇದಿಕೆಯ ಹಲಗೆ ಮುಚ್ಚುವ ಮೊದಲು ಎರಡು ಬಕೆಟ್ ನೀರು ಸುರಿದು ನೋಡಿ.

ಗೋಡೆ ಉದುರಿದ್ದರೆ ಸಿಮೆಂಟ್ ಮೆತ್ತಬೇಡಿ. ಸಿಮೆಂಟ್ ತೇವವನ್ನು ಹೊರಬಿಡದು. ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮೈಯನ್ನೇ ಚಕ್ಕೆ ಎಬ್ಬಿಸುತ್ತದೆ. ಅದರ ಬದಲು ಸುಣ್ಣದ ಗಾರೆ ಮೆತ್ತಿ: ಕನಿಷ್ಠ 15 ದಿನ ನೆನೆದ ಸುಣ್ಣ ಒಂದು ಪಾಲು, ಉಸುಕು ಮೂರು ಪಾಲು; ಒಂದು ಸಲಕ್ಕೆ 10 ಮಿ.ಮೀ.ಗಿಂತ ದಪ್ಪ ಬೇಡ, ವಾರವಿಡೀ ಹಸಿಯಾಗಿಡಿ. ವೈರಿಂಗ್ ಪೈಪು ಗೋಡೆಯ ಹೊರಮೈಗೇ ಇರಲಿ, ಕ್ಲಿಪ್ ಮೊಳೆ ಕಲ್ಲಿಗಲ್ಲ, ಗಚ್ಚಿನ ಸಂದಿಗೆ.

ಪಿಸುಮಾತೂ ಮರುದನಿಸುವುದು ಗೋಲಗುಮ್ಮಟದಲ್ಲಿ ಚಂದ, ಬಾರಿನಲ್ಲಿ ತಲೆಶೂಲೆ. ಕಲ್ಲುಗೋಡೆಯ ಮುಂದೆ ಚೌಕಟ್ಟಿಗೆ ಕರಿ ಕಂಬಳಿ ಬಿಗಿದು ನಿಲ್ಲಿಸಿದರೆ ಗದ್ದಲ ಇಳಿಯುತ್ತದೆ, ಹಿಂದಿನ ಗಾಳಿಸಂದಿಯಿಂದ ಗೋಡೆ ಒಣಗುತ್ತಲೂ ಇರುತ್ತದೆ.

ಥೀಮ್ ಅಂದಕೂಡಲೆ ಪಿಒಪಿ ಗುಮ್ಮಟ, ಕಮಾನು ಅಂಟಿಸುವ ಚಾಳಿ ಇದೆ. ನಿಜವಾದ ಕಮಾನು ಕಣ್ಣೆದುರಿಗಿರುವ ಊರಲ್ಲಿ ಅದು ನಗೆಪಾಟಲು. ಮಸೀದಿ, ಗೋರಿಗಳ ಬರಹವನ್ನಂತೂ ಬಾರಿಗೆ ತರಲೇಬೇಡಿ. ಇಂಡಿ ತಾಲೂಕಿನ ಲಿಂಬೆ, ಇಲ್ಲಿನ ದ್ರಾಕ್ಷಿ, ಒಣದ್ರಾಕ್ಷಿಯ ಸುತ್ತ ಮೆನು ಕಟ್ಟಿ. ಗುಳೇದಗುಡ್ಡದ ಖಣದ ಬಟ್ಟೆ ಬೆನ್ನಿನ ದಿಂಬಿಗೆ ಒಪ್ಪುತ್ತದೆ, ಕೂರುವ ಜಾಗಕ್ಕೆ ಬೇಡ: ಚೆಲ್ಲಿದ ರಮ್ಮಿನ ಕಲೆ ಅದರಿಂದ ಹೋಗುವುದು ಕಷ್ಟ.