ಸಂಜೆ ಐದರ ಹಸಿವು

ದಾವಣಗೆರೆಯಲ್ಲಿದ್ದುಕೊಂಡು ತೂಕ ಇಳಿಸಲು ಹೊರಟವರಿಗೆ ಮುಖ್ಯ ಎದುರಾಳಿ ಬೆಣ್ಣೆ ದೋಸೆ ಎಂದು ಹೊರಗಿನವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಖಾರ ಮಂಡಕ್ಕಿ ಮತ್ತು ಮಿರ್ಚಿ. ಬೆಳಗ್ಗೆ ಮನಸ್ಸು ಗಟ್ಟಿಯಾಗಿಯೇ ಇರುತ್ತದೆ. ಕಚೇರಿ ಮುಗಿಯುವ ಹೊತ್ತಿಗೆ ತಲೆ ಭಾರವಾಗಿ, ಎದುರಿಗೆ ಬಂದವರ ಮೇಲೆಲ್ಲ ಸಿಡುಕು ಶುರುವಾಗುತ್ತದೆ.

ಹೊಟ್ಟೆ ಖಾಲಿಯಾದಾಗ ಜಠರದಿಂದ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚು ಒಸರುತ್ತದೆ. ನಿತ್ಯ ತಿನ್ನುವ ವೇಳೆಗೆ ಅದು ಏರುತ್ತದೆ, ತಿನ್ನದಿದ್ದರೂ ಕೆಲ ಹೊತ್ತಿನಲ್ಲಿ ಇಳಿಯುತ್ತದೆ. ಇದು ಗೊತ್ತಾದ ಮೇಲೆ ಹಸಿವಿನ ಭಯ ಅರ್ಧ ಕಡಿಮೆಯಾಯಿತು. ಆದರೂ ಹಲ್ಲು ಕಚ್ಚಿ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಹಾಗೆ ತಡೆದವರು ರಾತ್ರಿ ಅನ್ನದ ಪಾತ್ರೆಯನ್ನೇ ಬಳಿಯುತ್ತಾರೆ. ಆದ್ದರಿಂದ ಹಸಿವು ಏಳುವ ಮೊದಲೇ, ನಾಲ್ಕೂವರೆಗೆ, ಒಂದು ಡಬ್ಬಿ ಹೆಸರುಕಾಳಿನ ಉಸುಳಿಯನ್ನೋ ಬೇಯಿಸಿದ ಕಡಲೆಯನ್ನೋ ತಿಂದು ಒಂದು ಲೋಟ ನೀರುಮಜ್ಜಿಗೆ ಕುಡಿಯುತ್ತೇನೆ. ಕಾಳಿನಲ್ಲಿರುವ ಪ್ರೋಟೀನು, ನಾರು ಎರಡೂ ಹೊಟ್ಟೆಯಲ್ಲಿ ನಿಲ್ಲುತ್ತವೆ, ಬಿಸ್ಕತ್ತು ನಿಲ್ಲುವುದಿಲ್ಲ. (ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು.)

ಮಧ್ಯಾಹ್ನ ಮುದ್ದೆಯ ಗಾತ್ರ ಚಿಕ್ಕದಾಯಿತು, ಸೊಪ್ಪಿನ ಸಾರಿನ ಬಟ್ಟಲು ದೊಡ್ಡದಾಯಿತು. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತೇನೆ. ಊಟದ ದೊಡ್ಡ ಚಮಚ ತುಂಬ ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ. ಡಬ್ಬಿ ಬಗ್ಗಿಸಿ ಸುರಿದರೆ ಮೂರು ಚಮಚ ಹೋದದ್ದೂ ತಿಳಿಯುವುದಿಲ್ಲ.

ಹಸಿವಿಗಿಂತ ಹೆಚ್ಚು ಕಾಡಿದ್ದು ತೂಕದ ಯಂತ್ರ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು. ದಿನಕ್ಕೆ 500 ಕಡಿಮೆ ತಿಂದರೂ ವಾರಕ್ಕೆ ಅರ್ಧ ಕಿಲೋ ಕೂಡ ದಾಟುವುದಿಲ್ಲ. ರಾತ್ರಿ ಉಪ್ಪಿನಕಾಯಿ ಒಂದಿಷ್ಟು ಹೆಚ್ಚಾದರೆ, ಮುಟ್ಟಿನ ದಿನಗಳು ಹತ್ತಿರವಾದರೆ, ದೇಹ ಹಿಡಿದಿಡುವ ನೀರು ಆ ಇಳಿಕೆಯನ್ನೆಲ್ಲ ನುಂಗಿಹಾಕುತ್ತದೆ. ಮೊದಲ ವಾರ ಸರಸರನೆ ಇಳಿದು ನಮ್ಮನ್ನು ಹಿಗ್ಗಿಸುವುದೂ ಬಹುಪಾಲು ನೀರೇ. ಹಾಗಾಗಿ ಪ್ರತಿ ಬೆಳಗ್ಗೆ ತೂಕ ಬರೆದಿಟ್ಟು ವಾರದ ಸರಾಸರಿಯನ್ನು ಮಾತ್ರ ನೋಡುತ್ತೇನೆ. ಜೊತೆಗೆ ದರ್ಜಿಯ ಟೇಪು: ನಮ್ಮ ಕಡೆಯ ಹೆಂಗಸರ ಸೊಂಟ 80 ಸೆಂಟಿಮೀಟರಿನೊಳಗೆ ಇರಬೇಕೆಂಬುದು ವೈದ್ಯರ ಲೆಕ್ಕ. ಯಂತ್ರ ಮುನಿಸಿಕೊಂಡ ವಾರಗಳಲ್ಲೂ ಟೇಪು ಒಂದೊಂದು ಗೆರೆ ಹಿಂದೆ ಸರಿದಿದೆ.

ನಿದ್ದೆಗೆಟ್ಟ ಮರುದಿನ ಹಸಿವು ಎರಡರಷ್ಟಾಗುತ್ತದೆ. ಅಂದು ಹೊಸ ನಿಯಮಗಳನ್ನು ಮಾಡಿಕೊಳ್ಳುವುದಿಲ್ಲ, ಬೇಗ ಮಲಗುತ್ತೇನೆ.

ಇನ್ನುಳಿದದ್ದು ನೆಂಟರು. “ಎಷ್ಟು ಸೊರಗಿದ್ದೀಯಲ್ಲೇ, ಇನ್ನೊಂದು ಹೋಳಿಗೆ ಹಾಕಿಸಿಕೋ” ಎಂದು ಚಿಕ್ಕಮ್ಮ ಗದರಿದರೆ ವಾದಿಸಿ ಗೆಲ್ಲುವುದು ಸಾಧ್ಯವಿಲ್ಲ. ಮದುವೆಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಡಿಸುವವರು ಬಿಡುವುದಿಲ್ಲ. ಅನ್ನ ಬರುವ ಮೊದಲೇ ಕೋಸಂಬರಿ, ಪಲ್ಯಗಳನ್ನು ಎರಡೆರಡು ಸಲ ಹಾಕಿಸಿಕೊಂಡು ಎಲೆಯಲ್ಲಿ ಜಾಗವೇ ಇಲ್ಲದಂತೆ ಮಾಡಿರಬೇಕು. ಹೋಳಿಗೆ ಒಂದು ತಿನ್ನುತ್ತೇನೆ, ತುಪ್ಪ ಹಾಕಿಸಿಕೊಂಡೇ.