ಫೋನಿನಲ್ಲಿ ಬ್ರೈಲ್ ಪಾಠ: ಸಂಪನ್ಮೂಲ ಶಿಕ್ಷಕಿಯ ಅನುಭವ

ನಾನು ಮಲೆನಾಡಿನ ತಾಲೂಕೊಂದರಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ, ಅಂದರೆ ಸಾಮಾನ್ಯ ಶಾಲೆಗಳಲ್ಲಿ ಓದುವ ಅಂಗವಿಕಲ ಮಕ್ಕಳಿಗೂ ಅವರ ಶಿಕ್ಷಕರಿಗೂ ನೆರವಾಗುವವಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 6ರಿಂದ 18 ವರ್ಷದ ಅಂಗವಿಕಲ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕನ್ನು ಕೊಟ್ಟಿದೆ. ಮನೆಯ ಹತ್ತಿರದ ಶಾಲೆಯನ್ನೇ ಆರಿಸಿಕೊಂಡ ದೃಷ್ಟಿದೋಷವುಳ್ಳ ಮಕ್ಕಳು ತಾಲೂಕಿನ ತುಂಬ ಚದುರಿರುವುದರಿಂದ, ಮಳೆಗಾಲದಲ್ಲಂತೂ ಎಲ್ಲರ ಬಳಿಗೂ ಹೋಗಿ ಬರುವುದು ಕಷ್ಟ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಆರಂಭಿಸಿದ ಫೋನ್ ಪಾಠವನ್ನು ಶಾಲೆ ತೆರೆದ ಮೇಲೂ ನಾನು ಬಿಡಲಿಲ್ಲ.

ಬ್ರೈಲ್ ಕಲಿಸಲು ವಿಡಿಯೊ ಬೇಕೆಂದು ಹಲವರು ಭಾವಿಸುತ್ತಾರೆ. ನನ್ನ ಮಟ್ಟಿಗೆ ಸಾಮಾನ್ಯ ಕರೆಯೇ ಸಾಕಾಯಿತು, ಏಕೆಂದರೆ ಬ್ರೈಲ್‌ನ ಪ್ರತಿ ಅಕ್ಷರವನ್ನೂ ಆರು ಉಬ್ಬುಚುಕ್ಕಿಗಳ (ಓದುವಾಗ ಎಡಸಾಲಿನಲ್ಲಿ ಮೇಲಿನಿಂದ 1, 2, 3, ಬಲಸಾಲಿನಲ್ಲಿ 4, 5, 6) ಸಂಖ್ಯೆಯಲ್ಲಿ ಬಾಯಲ್ಲೇ ಹೇಳಬಹುದು. 'ಅ' ಎಂದರೆ 1, 'ಮ' ಎಂದರೆ 1-3-4. ಬ್ರೈಲ್ ಬರೆಯುವ ಕಿಂಡಿಗಳ ಚೌಕಟ್ಟಾದ ಸ್ಲೇಟಿನ ಮೇಲೆ ಸ್ಟೈಲಸ್ ಎಂಬ ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದುವಾಗಲೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಮಗುವು ಫೋನನ್ನು ಸ್ಲೇಟಿನ ಪಕ್ಕದಲ್ಲಿಟ್ಟು ಬರೆದರೆ ಸ್ಟೈಲಸ್ ಚುಚ್ಚುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಮತ್ತು ಆ ಸದ್ದಿನಿಂದಲೇ ಎಷ್ಟೋ ತಪ್ಪುಗಳು ಗೊತ್ತಾಗುತ್ತವೆ. ಕನ್ನಡದ ಮುದ್ರಿತ ಬರಹದಲ್ಲಿ ಒತ್ತು ಅಕ್ಷರದ ಕೆಳಗೆ ಬರುತ್ತದೆ. ಬ್ರೈಲ್‌ನಲ್ಲಿ ಹಾಗಲ್ಲ, ಸ್ವರ ಕಳೆದುಕೊಳ್ಳುವ ವ್ಯಂಜನದ ಮೊದಲೇ ನಾಲ್ಕನೆಯ ಚುಕ್ಕಿಯೊಂದನ್ನು ಹಾಕಬೇಕು. ಹಾಗಾಗಿ 'ಅಮ್ಮ' ಎಂದು ಬರೆಯುವಾಗ ಒಂದು, ಒಂದು, ಮೂರು, ಮೂರು ಚುಚ್ಚುಗಳ ಲಯದಲ್ಲಿ ಸದ್ದು ಬರಬೇಕು. ಒಂದು, ಮೂರು, ಒಂದು, ಮೂರು ಎಂದು ಕೇಳಿಸಿದರೆ ಮಗು ಆ ಚುಕ್ಕಿಯನ್ನು ಎರಡು 'ಮ'ಗಳ ನಡುವೆ ಇಟ್ಟಿದೆ ಎಂದರ್ಥ. ಆಗ "ಇನ್ನೊಂದು ಸಲ ಓದಿ ನೋಡು ಪುಟ್ಟಾ" ಎಂದಷ್ಟೇ ಹೇಳುತ್ತೇನೆ. ಬೆರಳಾಡಿಸಿದ ಮಗು ಸಾಮಾನ್ಯವಾಗಿ ತಾನೇ ತಿದ್ದಿಕೊಳ್ಳುತ್ತದೆ.

ಆದರೂ ಫೋನಿನ ಹೆಚ್ಚಿನ ಪಾಲು ಮಕ್ಕಳಿಗಲ್ಲ, ಅವರ ತರಗತಿ ಶಿಕ್ಷಕರಿಗೆ ಮೀಸಲು. ದಿನವಿಡೀ ಮಗುವಿನ ಜೊತೆ ಇರುವವರು ಅವರು. ಅವರ ಪಾಠ ಸುಧಾರಿಸದೆ ನನ್ನ ಅರ್ಧ ಗಂಟೆಯ ಕರೆಯಿಂದ ಏನೂ ಆಗದು. ನಾನು ಮೊದಲು ಕೇಳಿಕೊಳ್ಳುವುದು, ಹಲಗೆಯ ಮೇಲೆ ಬರೆಯುವುದನ್ನೆಲ್ಲ ಬಾಯಲ್ಲೂ ಹೇಳಿ ಎಂದು. "ಇದನ್ನು ಇದರಿಂದ ಭಾಗಿಸಿದರೆ" ಎಂಬ ಮಾತು ಕಾಣದ ಮಗುವಿಗೆ ಏನನ್ನೂ ತಿಳಿಸುವುದಿಲ್ಲ, "ನಲವತ್ತೆಂಟನ್ನು ಆರರಿಂದ ಭಾಗಿಸಿದರೆ" ಎಂದರೆ ಇಡೀ ತರಗತಿಗೇ ಅನುಕೂಲ. ಎರಡನೆಯದು, ಮುಂದಿನ ವಾರದ ಪಾಠವನ್ನು ಈ ವಾರವೇ ನನಗೆ ತಿಳಿಸಬೇಕು. ಏಕೆಂದರೆ ಪಾಠದ ಕಡತವು ಯೂನಿಕೋಡ್ ಎಂಬ ಸರ್ವಮಾನ್ಯ ಅಕ್ಷರ ಸಂಕೇತದಲ್ಲಿಲ್ಲದೆ ಹಳೆಯ ಫಾಂಟಿನಲ್ಲಿದ್ದರೆ, ಅದನ್ನು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಗಳಾದ ಮೊಬೈಲಿನ ಟಾಕ್‌ಬ್ಯಾಕ್ ಆಗಲಿ, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಆಗಲಿ ಓದಿದರೆ ಅರ್ಥವಿಲ್ಲದ ಅಕ್ಷರಗಳಷ್ಟೇ ಕೇಳಿಸುತ್ತವೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ತಿದ್ದಿ, ಚಿತ್ರಗಳಿಗೆ ವಿವರಣೆ ಬರೆದು ಕಳುಹಿಸಲು ಸಮಯ ಹಿಡಿಯುತ್ತದೆ.

ಚಿತ್ರ, ನಕ್ಷೆಗಳ ವಿಷಯದಲ್ಲಿ ವಿವರಣೆಯಷ್ಟೇ ಸಾಲದು, ಕೈಗೆ ಏನಾದರೂ ಸಿಗಬೇಕು. ಕರ್ನಾಟಕದ ನದಿಗಳ ಪಾಠಕ್ಕೆ ಮೊದಲು ಸಮಾಜ ವಿಜ್ಞಾನದ ಶಿಕ್ಷಕರಿಗೆ ಫೋನಿನಲ್ಲೇ ಹೇಳಿ, ರಟ್ಟಿನ ಮೇಲೆ ನದಿಗಳಿಗೆ ಸೆಣಬಿನ ದಾರವನ್ನೂ ಊರುಗಳಿಗೆ ಹುಣಸೆಬೀಜವನ್ನೂ ಅಂಟಿಸುವಂತೆ ಮಾಡಿದೆ. ಒಂದು ರಟ್ಟಿನಲ್ಲಿ ಒಂದೇ ವಿಷಯ ಇರಬೇಕು, ನದಿ, ಬೆಟ್ಟ, ಜಿಲ್ಲೆಗಡಿ ಎಲ್ಲವನ್ನೂ ತುಂಬಿದರೆ ಬೆರಳಿಗೆ ಗೊಂದಲವಾಗುತ್ತದೆ. ಮರುವಾರ ಕರೆಯಲ್ಲಿದ್ದ ಏಳನೆಯ ತರಗತಿಯ ಹುಡುಗ ತುಂಗಾ, ಭದ್ರಾ ಎರಡೂ ದಾರಗಳನ್ನು ಎರಡು ಬೆರಳುಗಳಿಂದ ಹಿಡಿದುಕೊಂಡು ಬಂದು, "ಮೇಡಂ, ಇಲ್ಲಿ ಎರಡೂ ಸೇರಿ ಒಂದೇ ಆಯ್ತು" ಎಂದ. ಅದು ಕೂಡಲಿ ಎಂಬ ಊರು. ಮುಂದಿನ ದಾರ ಕೃಷ್ಣೆಯನ್ನು ಸೇರುವವರೆಗೂ ಅವನೇ ದಾರಿ ಹೇಳುತ್ತಾ ಹೋದ, ನಾನು ಊರುಗಳ ಹೆಸರನ್ನಷ್ಟೇ ಹೇಳುತ್ತಿದ್ದೆ.

ಮಂದದೃಷ್ಟಿಯ ಮಕ್ಕಳಿಗೆ ಬೇಕಾಗುವುದು ಬೇರೆ. ದಪ್ಪ ಕಪ್ಪು ಮಾರ್ಕರ್, ದೊಡ್ಡಕ್ಷರದ ಹಾಳೆ, ಬೆಳಕು ಕಣ್ಣಿಗೆ ಹೊಡೆಯದಂತೆ ಕಿಟಕಿಗೆ ಬೆನ್ನು ಮಾಡಿ ಕುಳಿತುಕೊಳ್ಳುವ ಜಾಗ, ಇಷ್ಟನ್ನು ಶಿಕ್ಷಕರಿಗೆ ಒಂದೆರಡು ಕರೆಗಳಲ್ಲಿ ತಿಳಿಸಬಹುದು.

ಎಲ್ಲವೂ ದೂರದಿಂದ ಆಗುತ್ತದೆಂದು ನಾನು ಹೇಳಲಾರೆ. ಸ್ಟೈಲಸ್ ಹಿಡಿಯುವುದನ್ನು ಮೊದಲ ಬಾರಿ ಕೈಹಿಡಿದೇ ಕಲಿಸಬೇಕು. ಬಿಳಿಕೋಲಿನ ನಡಿಗೆಯನ್ನು ಫೋನಿನಲ್ಲಿ ಕಲಿಸುವುದು ಅಪಾಯಕರ. ಲೆಕ್ಕ ಮಾಡಲು ಬಳಸುವ ಟೇಲರ್ ಫ್ರೇಮ್‌ನ ಗುಂಡಿಗಳಲ್ಲಿ ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಿ ಅಂಕಿ ಕೂರಿಸುವುದೂ ಎದುರು ಕುಳಿತರೆ ಮಾತ್ರ ಬೇಗ ಹತ್ತುತ್ತದೆ. ಶಾಲಾ ಭೇಟಿಗಳನ್ನು ಈಗ ಇವುಗಳಿಗೇ ಉಳಿಸಿಕೊಂಡಿದ್ದೇನೆ.

ಪರೀಕ್ಷೆಯ ಸಿದ್ಧತೆಗೆ ಮಾತ್ರ ಫೋನೇ ಸೂಕ್ತವೆಂದು ಕಂಡುಕೊಂಡೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಹೇಳಿದ ಉತ್ತರವನ್ನು ಬರೆದುಕೊಡುವ ಸ್ಕ್ರೈಬ್ ನೆರವು ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ, ಆದರೆ ಉತ್ತರವನ್ನು ಹೇಳಿ ಬರೆಸುವ ಅಭ್ಯಾಸವಿಲ್ಲದಿದ್ದರೆ ಆ ಸಮಯವೂ ಸಾಲದು. ಅದಕ್ಕಾಗಿ ಎಸ್‌ಎಸ್‌ಎಲ್‌ಸಿ ಮಕ್ಕಳು ಡಿಸೆಂಬರ್‌ನಿಂದಲೇ ಕರೆಯಲ್ಲಿ ಉತ್ತರ ಹೇಳುತ್ತಾರೆ, ನಾನು ಅವರು ಹೇಳಿದ್ದನ್ನಷ್ಟೇ, ಅಲ್ಪವಿರಾಮವನ್ನೂ ಸೇರಿಸದೆ ಬರೆದು, ಹಾಗೆಯೇ ಓದಿ ಕೇಳಿಸುತ್ತೇನೆ.